ಹೇಗಿರಬೇಕೆಂದು ಬರೆದಿಟ್ಟವರು

ಅವರು ತೀರಿಕೊಂಡ ದಿನ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಕಂಪ್ಯೂಟರುಗಳು ಎಂದಿನ ಹಾಗೆ ಆನ್ ಆದವು. ಹುಡುಗಿಯರು ಬಂದರು, ಟೈಪಿಂಗ್ ಪ್ರಾಕ್ಟೀಸ್ ಮಾಡಿದರು, ಹೋದರು. ಸುದ್ದಿ ತಲುಪಿ ಸೆಂಟರುಗಳನ್ನು ಮುಚ್ಚಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹಾನೆಸ್ಟ್ಲಿ, ನನಗೆ ಆ ಮಷೀನುಗಳ ಮೇಲೆ ಸಿಟ್ಟು ಬಂತು. ಒಂದಾದರೂ ಮುನಿಸಿಕೊಂಡು ಬಂದ್ ಆಗಬಾರದಿತ್ತೇ? ಆಮೇಲೆ ನೆನಪಾಯಿತು, ಕಡೆಯ ದಿನಗಳಲ್ಲೆಲ್ಲ ಅವರು ದುಡಿದದ್ದೇ ಇದಕ್ಕೆ. ತಾವು ಬರದ ದಿನವೂ ಕೆಲಸ ನಿಲ್ಲಬಾರದು ಎಂದು.

ಟ್ರಸ್ಟಿನವರು ಅವರ ಬಗ್ಗೆ ಎರಡು ಪುಟ ಬರೆದುಕೊಡಿ, ಬಯೋಡೇಟಾ ಸಮೇತ, ಎಂದಿದ್ದಾರೆ. ಬಯೋಡೇಟಾ ನನ್ನ ಹತ್ತಿರ ಇಲ್ಲ. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿಯೂ ಅವರು ಯಾವ ಊರಲ್ಲಿ ಹುಟ್ಟಿದರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೆಸರನ್ನೂ ಬರೆಯುವುದಿಲ್ಲ. ಸೆಂಟರಿನ ಬೋರ್ಡಿನ ಮೇಲೆ ಅವರ ಹೆಸರು ಹಾಕಿಸಿದಾಗ ಸ್ಟೂಲು ತರಿಸಿ, ತಾವೇ ಹತ್ತಿ ಒರೆಸಿ ಹಾಕಿದ ಮನುಷ್ಯ. ಎಲ್ಲರಿಗೂ ಅವರು ‘ಸರ್’. ಅಷ್ಟು ಸಾಕು.

ನಮ್ಮ ಟ್ರಸ್ಟ್ ದೊಡ್ಡದೇನಲ್ಲ. ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ನನ್ಸ್ ಹತ್ತಿರ ಓದಿ, ಅಲ್ಲೇ ಇಂಗ್ಲಿಷ್ ಟೀಚರ್ ಆಗಿ, ರಿಟೈರ್ ಆದ ಮೇಲೆ ಕೈಕಟ್ಟಿ ಕೂರಲಾಗದೆ ಸೇರಿಕೊಂಡ ಕೆಲಸ. ಮೂರು ತಾಲೂಕು ಊರುಗಳಲ್ಲಿ ಹುಡುಗಿಯರಿಗಾಗಿ ಒಂದೊಂದು ಕಂಪ್ಯೂಟರ್ ಕೋಣೆ. ಯಾವುದೋ ಆಫೀಸಿನವರು ಹಳೆಯದೆಂದು ಬಿಟ್ಟುಕೊಟ್ಟ ಮಷೀನುಗಳು. ಗುಂಡಿ ಒತ್ತಿದರೆ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುದಿಸಿ, ಕುಡಿದು, ಕಪ್ಪು ತೊಳೆದಿಡಬಹುದಿತ್ತು. ಸರ್ ಬಂದು ಎಲ್ಲವನ್ನೂ ಅಳಿಸಿ ಲಿನಕ್ಸ್ ಎಂಬ ಹಗುರಾದ, ಪುಕ್ಕಟೆ ಸಿಸ್ಟಂ ಹಾಕಿದರು. ಮುದಿ ಕುದುರೆಗಳು ಎದ್ದು ನಿಂತವು.

ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್ ಆಗಿದ್ದವರು, ಕಿಡ್ನಿಯ ತೊಂದರೆಯಿಂದ ಅವಧಿಗೆ ಮೊದಲೇ ಕೆಲಸ ಬಿಟ್ಟಿದ್ದರು. ನನಗಿಂತ ಬಹಳ ಚಿಕ್ಕವರು, ಆದರೆ ನನಗಿಂತ ಹೆಚ್ಚು ದಣಿದವರ ಹಾಗೆ ಕಾಣುತ್ತಿದ್ದರು. ತೆಳ್ಳಗೆ, ಉದ್ದಕ್ಕೆ, ಇಸ್ತ್ರಿಯಿಲ್ಲದ ಪೂರ್ಣ ತೋಳಿನ ಅಂಗಿ. ಕೂರುವ ಮೊದಲು ಕುರ್ಚಿಯ ಮೇಲೆ ಎರಡು ಸಲ ಊದುವ ಅಭ್ಯಾಸ. ಅದು ಹೊಚ್ಚಹೊಸ ಕುರ್ಚಿಯಾದರೂ ಅಷ್ಟೆ. ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಪಿಸುಗುಟ್ಟಿದರೆಂದರೆ ಎಲ್ಲರೂ ಹೆದರುತ್ತಿದ್ದರು.

ಅವರಿಗೆ ಅತ್ಯಂತ ಸಿಟ್ಟು ಬರಿಸುತ್ತಿದ್ದ ಮಾತು ‘ಕೈಗುಣ’. ಮೊದಲೆರಡು ವರ್ಷ ವಾರವೆಲ್ಲ ಬಸ್ಸಿನಲ್ಲಿ ತಿರುಗುತ್ತಿದ್ದರು. ಇವತ್ತು ಆಳಂದವಾದರೆ ನಾಳೆ ಜೇವರ್ಗಿ. ಅವರು ಹೋಗಿ ಮುಟ್ಟಿದರೆ ಕೆಟ್ಟದ್ದು ಸರಿಹೋಗುತ್ತಿತ್ತು.

“ಏನಽ ಅನ್ರಿ ಸರ್, ನಿಮ್ಮ ಕೈಗುಣ ಅದ. ನಾವು ಮುಟ್ಟಿದ್ರ ಬರಂಗಿಲ್ಲ” ಎಂದು ಆಳಂದದ ಶಾಂತಾಬಾಯಿ ಅನ್ನುವಳು. ಅಲ್ಲಿನ ಸೆಂಟರಿನ ಬೀಗದ ಕೈ ಅವಳ ಹತ್ತಿರ. ಕಸ, ನೀರು, ಚಹಾ ಎಲ್ಲ ಅವಳದೇ.

ಇವರು ಪಿಸುಗುಟ್ಟುವರು: “ಕೈಗುಣ ಅಂದ್ರ ಏನ್ ಗೊತ್ತೇನವಾ? ನಾ ಏನು ಮಾಡೀನಿ ಅನ್ನೂದು ನನಗೂ ನೆಪ್ಪಿಲ್ಲ, ನಿನಗೂ ಗೊತ್ತಿಲ್ಲ ಅಂತ ಅರ್ಥ.”

ಡಯಾಲಿಸಿಸ್ ಶುರುವಾದ ಮೇಲೆ ಬಸ್ಸಿನ ತಿರುಗಾಟ ಆಗದ ಮಾತಾಯಿತು. ಎಡಗೈಯಲ್ಲಿ ಸೂಜಿಗೆಂದು ಮಾಡಿದ ನರದ ಗಂಟು, ಅದಕ್ಕೇ ಆ ಪೂರ್ಣ ತೋಳು. ಒಂದು ದಿನ ನನ್ನ ಮನೆಗೆ ಬಂದು, ಕುರ್ಚಿ ಊದಿ ಕೂತು, “ಮೇಡಂ, ನನ್ನ ಕಾಲು ಇನ್ನ ಭಾಳ ದಿನ ನಡಿಯಂಗಿಲ್ಲ. ಅಷ್ಟರಾಗ ಈ ಮೂರೂ ಊರು ತಮ್ಮ ಕಾಲ ಮ್ಯಾಲ ನಿಲ್ಲಬೇಕು. ಇಲ್ಲಂದ್ರ ನನ್ನ ಹಿಂದಽ ಬಾಗಲಾ ಮುಚ್ಚತಾವ” ಎಂದರು. ಮುಖದಲ್ಲಿ ದುಃಖವಿರಲಿಲ್ಲ. ಪೈಪು ಸೋರುತ್ತಿದೆ ಎಂದ ಹಾಗೆ ಹೇಳಿದರು. ನಾನೇ ಬಿಸ್ಕತ್ತಿನ ತಟ್ಟೆ ತರುವ ನೆಪದಲ್ಲಿ ಒಳಗೆ ಹೋದೆ.

ಅವತ್ತು ಅವರು ವಿವರಿಸಿದ ಮೆಥಡ್ ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. “ಮಷೀನಿಗೆ ಅದು ಮಾಡು ಇದು ಮಾಡು ಅಂತ ಹೇಳೂದು ಹಳೇ ಪದ್ಧತಿ. ನೀ ಹೆಂಗಿರಬೇಕು ಅಂತ ಬರದಿಟ್ಟುಬಿಡಬೇಕು. ಹಂಗ ಆಗೂದು ಅದರ ಕೆಲಸ.”

ನನಗೆ ನಮ್ಮ ಕಾನ್ವೆಂಟಿನ ಬೆಳಗಿನ ಅಸೆಂಬ್ಲಿ ನೆನಪಾಯಿತು. ಸಿಸ್ಟರ್ ಯಾರಿಗೂ ಉಗುರು ಹೇಗೆ ಕತ್ತರಿಸಬೇಕೆಂದು ಹೇಳಿಕೊಡುತ್ತಿರಲಿಲ್ಲ. ಉಗುರು ಹೇಗಿರಬೇಕು, ರಿಬ್ಬನ್ ಯಾವ ಬಣ್ಣದ್ದಿರಬೇಕು, ಬೂಟು ಹೇಗೆ ಹೊಳೆಯಬೇಕು ಎಂದು ಗೋಡೆಗೆ ಹಾಕಿದ್ದರು. ಹಾಗಿಲ್ಲದವರು ಹಾಗಾಗಿ ಬರಬೇಕು. ಇದನ್ನು ಹೇಳಿದಾಗ ಅವರು ಮೊದಲ ಬಾರಿಗೆ ನಕ್ಕರು. “ಎಕ್ಸಾಕ್ಟ್ಲಿ ಮೇಡಂ. ಇಲ್ಲಿ ಛಡಿ ಏಟು ಇಲ್ಲ, ಅಷ್ಟೇ.”

ಆಮೇಲಿನ ತಿಂಗಳುಗಳೆಲ್ಲ ಬರೆಯುವುದರಲ್ಲೇ ಕಳೆದವು. ಎಲ್ಲ ಮಷೀನಿಗೂ ಸಮಾನವಾದದ್ದು ಒಂದು ಫೈಲಿನಲ್ಲಿ: ಕನ್ನಡ ಕೀಬೋರ್ಡು, ಅಕ್ಷರಗಳು, ಟೈಪಿಂಗ್ ಪ್ರೋಗ್ರಾಂ. ಊರೂರಿನ ಜಾಯಮಾನಕ್ಕೆ ಬೇಕಾದದ್ದು ಊರಿಗೊಂದು ಫೈಲಿನಲ್ಲಿ. ಇವೆಲ್ಲ ಇಂಟರ್ನೆಟ್ಟಿನಲ್ಲಿ ಒಂದು ಕಡೆ. ಬೆಳಿಗ್ಗೆ ಆನ್ ಆದ ಕೂಡಲೇ ಪ್ರತಿ ಮಷೀನೂ ಅದನ್ನು ಓದಿಕೊಂಡು, ತನ್ನಲ್ಲಿ ಏನು ವ್ಯತ್ಯಾಸವಾಗಿದೆ ನೋಡಿ, ತಿದ್ದಿಕೊಳ್ಳಬೇಕು. ಪ್ರತಿ ಮಷೀನಿಗೂ ಆಯಾ ತಾಲೂಕಿನ ಒಂದು ಹಳ್ಳಿಯ ಹೆಸರು ಇಟ್ಟಿದ್ದರು. ಹೀಗಾಗಿ ಫೋನಿನಲ್ಲಿ ಕೇಳಬೇಕಿತ್ತು: “ಸರ್, ಗೊಬ್ಬೂರ ಮಲಕೊಂಡದ, ಏಳವಲ್ತು.” “ಭೂಸನೂರಿಗೆ ಆವಾಜ್ ಇಲ್ರಿ.” ಶಾಂತಾಬಾಯಿಯ ತವರು ನಿಂಬರ್ಗಾ. ಆ ಹೆಸರಿನ ಕಂಪ್ಯೂಟರನ್ನು ಮಾತ್ರ ಅವಳು ಸೆರಗಿನಿಂದ ಇನ್ನೊಮ್ಮೆ ಒರೆಸುತ್ತಿದ್ದಳು.

ಡಯಾಲಿಸಿಸ್ ನಡೆಯುವಾಗಲೂ ಬಲಗೈಯಿಂದ ಲ್ಯಾಪ್‌ಟಾಪಿನಲ್ಲಿ ಕುಟ್ಟುತ್ತಿದ್ದರು. ದವಾಖಾನೆಯ ನರ್ಸ್ ಒಮ್ಮೆ ನನಗೇ ದೂರು ಹೇಳಿದಳು. ಮನೆಗೆ ಬರುವಾಗ ಆಟೋದಲ್ಲಿ ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿಬಿಡುವರು. ಬಾಯಾರಿಕೆ ಬೇರೆ, ನೀರು ಅಳೆದು ಕುಡಿಯಬೇಕು. ಬೇಸಿಗೆಯ ಕಲಬುರಗಿಯಲ್ಲಿ ಅಳೆದು ನೀರು ಕುಡಿಯುವುದೆಂದರೆ ಏನು ಅನ್ನುವುದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಹೊಸ ಪದ್ಧತಿ ಮೊದಲು ಜಗಳ ತಂದಿತು. ಜೇವರ್ಗಿಯಲ್ಲಿ ಕಲಿಸುವ ನಸ್ರೀನ್ ಚುರುಕಿನ ಹುಡುಗಿ, ಬಾಯಿಯೂ ಅಷ್ಟೇ ಚುರುಕು. ಯಾರೋ ಕೊಟ್ಟ ಪ್ರಿಂಟರನ್ನು ಇಡೀ ದಿನ ಒದ್ದಾಡಿ ಜೋಡಿಸಿದಳು. ಮರುದಿನ ಮಷೀನು ಆನ್ ಆಯಿತು, ಓದಿಕೊಂಡಿತು, ಇದು ನನ್ನಲ್ಲಿ ಇರಬೇಕಾದದ್ದಲ್ಲ ಎಂದು ಪ್ರಿಂಟರನ್ನು ಮರೆತುಬಿಟ್ಟಿತು.

“ಸರ್, ನಾ ಹಾಕಿದ್ದ ಪ್ರಿಂಟರ್ ಎಲ್ಲಿ ಹೋತ್ರಿ? ನಿಮ್ಮ ಮಷೀನ್ ಏನು, ಅತ್ತಿ ಏನು? ಸೊಸಿ ಮಾಡಿದ್ದೆಲ್ಲಾ ಬೆಳಗಾದ್ರ ಬಾಜೂಕ ಇಡ್ತದ!” ಫೋನ್ ಸ್ಪೀಕರಿನಲ್ಲಿತ್ತು, ನಾನು ಎದುರಿಗಿದ್ದೆ.

“ಕೈಲೆ ಹಾಕಿದ್ದು ಹೋಗ್ತದವಾ. ಬರದಿಟ್ಟದ್ದು ಇರ್ತದ. ಫೈಲಿನಾಗ ಒಂದು ಸಾಲು ಬರಿ.”

“ಒಂದು ಪ್ರಿಂಟರಿಗೆ ಬರೀಬೇಕೇನ್ರಿ?”

“ಒಂದು ಪ್ರಿಂಟರಿಗೇ ಬರೀಬೇಕು.”

“ಹಂಗಾದ್ರ ಹುಡುಗ್ಯಾರು ಟೈಪ್ ಮಾಡಿದ್ದೂ ಅಳಿಸಿ ಹೋಗ್ತದೇನ್ರಿ?”

ಅವರ ದನಿ ಇಳಿಯಿತು. “ಅದಕ್ಕ ನಾ ಕೈ ಹಚ್ಚಂಗಿಲ್ಲ. ಮನಿ ಹೆಂಗಿರಬೇಕು ಅಂತ ನಾ ಹೇಳತೀನಿ. ಮನಿಯವ್ರ ಸಾಮಾನು ಮನಿಯವ್ರದು.”

ನಸ್ರೀನ್ ಬೈದುಕೊಳ್ಳುತ್ತಲೇ ಬರೆಯಲು ಕಲಿತಳು. ಅವಳು ಬರೆದದ್ದನ್ನು ಇವರು ನೋಡಿ, ಒಪ್ಪಿ, ಸೇರಿಸುವರು. ಒಪ್ಪದಿದ್ದರೆ ವಾಪಸ್. ವಾಪಸ್ ಬಂದಾಗಲೆಲ್ಲ ಅವಳು ನನಗೆ ಫೋನ್ ಮಾಡಿ, “ಮೇಡಂ, ಸರ್ ಅಂದ್ರ ಸರ್ರೇ. ಮ್ಯಾಲ ಹೋದ್ರೂ ಅಲ್ಲಿ ಜಮಾಖಾನಿ ಸೀದಾ ಹಾಸ್ಯಾರೋ ಇಲ್ಲೋ ನೋಡ್ತಾರ” ಎನ್ನುವಳು. ಪಾಪ, ಈಗ ಆ ಮಾತನ್ನು ಅವಳೇ ನೆನೆದು ಅಳುತ್ತಾಳೆ.

ಎಲ್ಲ ಸರಿಹೋಯಿತು ಎನ್ನುವಾಗ ದೊಡ್ಡ ತಪ್ಪಾಯಿತು. ಮಾಡಿದವರು ಅವರೇ. ಆಳಂದದ ಇಂಟರ್ನೆಟ್ಟಿನ ವಿಳಾಸವನ್ನು ಆಳಂದದ ಫೈಲಿನಲ್ಲಿ ಬರೆಯುವ ಬದಲು, ದಣಿದ ಒಂದು ಸಂಜೆ, ಎಲ್ಲರ ಫೈಲಿನಲ್ಲಿ ಬರೆದುಬಿಟ್ಟರು. ಮರುದಿನ ಬೆಳಿಗ್ಗೆ ಅಫಜಲಪುರವೂ ಜೇವರ್ಗಿಯೂ ವಿಧೇಯವಾಗಿ ಹಾಗೇ ತಿದ್ದಿಕೊಂಡು ಕುರುಡಾದವು. ಇವರು ತಪ್ಪನ್ನು ತಿದ್ದಿದರೂ ಓದಿಕೊಳ್ಳಲು ಅವುಗಳಿಗೆ ದಾರಿಯೇ ಇಲ್ಲ. ಅಲ್ಲಿಯವರ ಫೋನಿನ ಮೇಲೆ ಫೋನು. ಫೋನಿನಲ್ಲೇ ಹೇಳಿಕೊಟ್ಟರೆ ಅಲ್ಲಿಯವರು ಸರಿಮಾಡಿಯಾರೆಂಬ ನಂಬಿಕೆ ಇವರಿಗಿನ್ನೂ ಇರಲಿಲ್ಲ.

“ಗಾಡಿ ಹೇಳ್ರಿ ಮೇಡಂ” ಎಂದರು. ಹಿಂದಿನ ದಿನವಷ್ಟೇ ಡಯಾಲಿಸಿಸ್ ಆಗಿತ್ತು. ಒಬ್ಬರನ್ನೇ ಕಳಿಸುವ ಧೈರ್ಯವಾಗದೆ ನಾನೂ ಹೊರಟೆ. ಅಫಜಲಪುರದ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿದೆವು. ನನ್ನ ಮೊಣಕಾಲು, ಅವರ ಬೆನ್ನು. ಅವರು ಒಂದೇ ಮಾತು ಆಡಿದರು: “ಬರದದ್ದು ತಪ್ಪಾದ್ರ, ತಪ್ಪೂ ಅಷ್ಟೇ ಬರಾಬರ್ ಆಗಿ ಎಲ್ಲಾ ಕಡೆ ಆಗ್ತದ ನೋಡ್ರಿ.”

ಅಫಜಲಪುರದಲ್ಲಿ ಅವರು ಮಾಡಿದ್ದು ಇಷ್ಟೆ. ಮಷೀನು ಆನ್ ಆಗುವಾಗ ಒಂದು ಪಟ್ಟಿ ಮೂಡುತ್ತದೆ. ಮೊದಲ ಸಾಲು ಇಂದಿನದು, ಅದರ ಕೆಳಗೆ ನಿನ್ನೆಯದು, ಮೊನ್ನೆಯದು. ನಿನ್ನೆಯದನ್ನು ಆರಿಸಿದರು. ನಿನ್ನೆ ಹೇಗಿತ್ತೋ ಹಾಗೆ ಎದ್ದು ನಿಂತಿತು. ನನ್ನ ಇಂಗ್ಲಿಷ್ ಟೀಚರ್ ಮನಸ್ಸಿಗೆ ಇಷ್ಟು ಸಾಕಾಯಿತು. “ಸರ್, ಮನುಷ್ಯರಿಗೂ ಹೀಗೆ ನಿನ್ನೆಗೆ ಹೋಗುವ ಹಾಗಿದ್ದರೆ...” ಎಂದು ಶುರುಮಾಡಿದೆ.

“ಮೇಡಂ, ಅದು ಬರೇ ರೋಲ್‌ಬ್ಯಾಕ್” ಎಂದರು.

ಜೇವರ್ಗಿ ತಲುಪುವಾಗ ಸಂಜೆ. ಒಳಗೆ ಹುಡುಗಿಯರು ಟಕಟಕ ಟೈಪ್ ಮಾಡುತ್ತಿದ್ದಾರೆ. ಎಲ್ಲ ಮಷೀನೂ ನಡೆಯುತ್ತಿವೆ. ಇವರು ಬಾಗಿಲಲ್ಲೇ ನಿಂತರು.

“ಯಾರು ಮಾಡಿದ್ರು?”

“ನಾನೇರಿ. ಎರಡನೇ ಸಾಲು ಆರಿಸಿದೆ. ನೀವೇ ಹೇಳಿದ್ರಲ್ಲ, ಕೆಟ್ರ ನಿನ್ನಿಗೆ ಹೋಗು ಅಂತ. ನಿಮಗ ಫೋನ್ ಹಚ್ಚಿದೆ, ಹತ್ತಲಿಲ್ಲ” ಎಂದಳು ನಸ್ರೀನ್.

“ಹಂಗಾದ್ರ ನಾ ಯಾಕ ಬಂದೆ?”

“ಚಹಾ ಕುಡೀಲಾಕ ಬಂದೀರಿ, ಕೂಡ್ರಿ.”

ಅವರು ಕುರ್ಚಿ ಊದಲಿಲ್ಲ. ಹಾಗೇ ಕೂತುಬಿಟ್ಟರು. ಅಷ್ಟು ದಣಿದ, ಅಷ್ಟು ಸಂತೋಷದ ಮುಖವನ್ನು ನಾನು ಮತ್ತೆ ಅವರಲ್ಲಿ ನೋಡಿದ್ದು ಇನ್ನೊಂದೇ ಸಲ.

ಅದನ್ನು ಹೇಳಬೇಕಾದರೆ ಆಳಂದದ ಇಲಿಯ ಕಥೆ ಹೇಳಬೇಕು.

ಮೊದಲಿನಿಂದಲೂ ಆಳಂದದ್ದು ಒಂದು ವಿಚಿತ್ರ. ಹೊಲಕ್ಕೆ ಹೋಗಿ, ಭೂಮಿಗೆ ಚರಗದ ಎಡೆ ಚೆಲ್ಲಿ, ಕೂಡಿ ಉಣ್ಣುವ ಎಳ್ಳಮಾವಾಸ್ಯೆ ಬಂತೆಂದರೆ ಅಲ್ಲಿ ನೆಟ್ ಹೋಗುತ್ತಿತ್ತು. ಇವರು ಬಸ್ಸು ಹತ್ತಿ ಹೋಗಿ ನೋಡಿದರೆ, ಗೋಡೆಯ ಇಂಟರ್ನೆಟ್ ಡಬ್ಬಿಯಿಂದ ಮಷೀನುಗಳಿಗೆ ಹೋಗುವ ಕೇಬಲ್ ಕಳಚಿರುತ್ತಿತ್ತು. “ಇಲಿ ಜಗ್ಗಿರಬೇಕ್ರಿ” ಎನ್ನುವಳು ಶಾಂತಾಬಾಯಿ. “ಹೆಂಗೂ ಬಂದೀರಿ, ಇವತ್ತ ಚರಗಾ. ನಮ್ಮ ಹೊಲ ಇಲ್ಲೇ ಅದ, ಒಂದು ತುತ್ತು ಉಂಡು ಹೋಗ್ರಿ.” ಇವರು ಉಂಡು, ಸುಟ್ಟ ಹಸಿಜೋಳದ ಸೀತನಿಯ ಗಂಟು ಹಿಡಿದು ವಾಪಸ್ ಬರುವರು. ನನಗೂ ಅದರಲ್ಲಿ ಪಾಲು. ಮರುವರ್ಷವೂ ಹಾಗೇ ಆದಾಗ ಇಲಿಬೋನು ತಂದಿಟ್ಟರು. ಪ್ರತಿ ಭೇಟಿಗೂ ಅದರಲ್ಲಿ ರೊಟ್ಟಿಯ ಚೂರು ಇದೆಯೇ ಎಂದು ಬಗ್ಗಿ ನೋಡುವರು. “ಎಲ್ಲಾನೂ ಬರದಿಟ್ಟೆ ಮೇಡಂ, ಈ ಇಲಿ ಒಂದು ನನ್ನ ಫೈಲಿನಾಗ ಕೂಡವಲ್ತು” ಎಂದು ಫೈಲು ಬರೆಯತೊಡಗಿದ ಮೇಲೂ ನನ್ನ ಹತ್ತಿರ ಗೊಣಗುವರು.

ಮುಂದಿನ ಎಳ್ಳಮಾವಾಸ್ಯೆಗೆ ಅವರು ಬಸ್ಸು ಬಿಟ್ಟಾಗಿತ್ತು, ಹೊಸ ಪದ್ಧತಿ ಬಂದಾಗಿತ್ತು. ಅಮಾವಾಸ್ಯೆಯ ಹಿಂದಿನ ದಿನ ಆಳಂದದಿಂದ ಫೋನ್: ನೆಟ್ ಹೋಗ್ಯದ. ಅವರ ಲ್ಯಾಪ್‌ಟಾಪಿನಲ್ಲಿ ಮೂರೂ ಊರುಗಳ ಮಷೀನುಗಳು ಒಂದೊಂದು ಸಾಲಾಗಿ ಕಾಣುತ್ತಿದ್ದವು. ಗೋಡೆಯ ಡಬ್ಬಿ ನಡೆಯುತ್ತಿದೆ, ಮಷೀನುಗಳಷ್ಟೇ ಇಲ್ಲ. ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. “ಶಾಂತಾಬಾಯಿ, ಬರೇ ಕೇಬಲ್ ಕಳಚ್ಯದವಾ. ಡಬ್ಬಿಗೆ ಟಕ್ ಅನ್ನೂಹಂಗ ಒತ್ತು. ಆತೇನು? ನೋಡು, ನಿನ್ನ ನಿಂಬರ್ಗಾ ಬಂತು.”

ಎಷ್ಟು ಹಿಗ್ಗಿದರು! ಹೋಗದೇ ಸರಿಮಾಡಿದೆ, ಮೇಡಂ, ಎಂದು ನನಗೆ ಫೋನ್ ಮಾಡಿ ಹೇಳಿದರು.

ಸ್ವಲ್ಪ ಹೊತ್ತಿಗೆ ಇನ್ನೊಂದು ಫೋನ್. ಶಾಂತಾಬಾಯಿ. “ಅಮ್ಮಾರ, ಸರ್ರು ಇನ್ನ ಬರಂಗೇ ಇಲ್ಲೇನ್ರಿ?”

“ಅವರಿಗೆ ತಬಿಯತ್ತು ಸರಿ ಇಲ್ಲವಾ. ನೆಟ್ ಬಂತಲ್ಲ?”

“ಬಂತ್ರಿ. ಬರಬಾರದಿತ್ತು.” ಬಾಗಿಲು ಎಳೆದುಕೊಂಡ ಸದ್ದಾಯಿತು. ಆಮೇಲೆ, “ಇಲಿ ಅಲ್ರಿ ಅಮ್ಮಾರ. ನಾನೇ ಕೀಳತಿದ್ದೆ.”

“ಯಾಕೆ ಶಾಂತಾಬಾಯಿ? ಊಟಕ್ಕೆ ಬರ್ರಿ ಅಂದಿದ್ದರೆ ಬರುತ್ತಿದ್ದರಲ್ಲ?”

“ಬರ್ತಿದ್ರೇನ್ರಿ? ನಮ್ಮದು ನೀಲಿ ಝಂಡಾದ ಓಣಿ, ಊರ ಹೊರಗಿನ ಮಂದಿ. ಚಹಾ ಕುಡದವ್ರೆಲ್ಲಾ ನಮ್ಮ ರೊಟ್ಟಿ ಮುಟ್ಟಂಗಿಲ್ರಿ. ಕರದು, ಅವ್ರು ಒಲ್ಲೆ ಅಂದಿದ್ರ, ಮರುದಿನಾ ಅದೇ ಬಾಗಲಾ ತಗದು ಅದೇ ಮಾರಿಗೆ ಚಹಾ ಕೊಡಬೇಕು ನಾನು. ಕೇಬಲ್ ಕಿತ್ರ ಕೆಲಸಕ್ಕಂತ ಬರ್ತಾರ. ಬಂದ ಮನುಷ್ಯಾ ಹಸದಿರ್ತಾನ. ಹಸದವ್ರು ಒಲ್ಲೆ ಅನ್ನಂಗಿಲ್ರಿ.”

ಸಂಜೆ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟುಕೊಂಡು ಕೂತರು. “ಬೋನಿನಾಗ ರೊಟ್ಟಿ ಚೂರು ಅಕಿನೇ ಇಡ್ತಿದ್ಲು ಮೇಡಂ. ನಾ ಬಗ್ಗಿ ಬಗ್ಗಿ ನೋಡಿದ್ದೇ ನೋಡಿದ್ದು” ಎಂದರು. ಆಮೇಲೆ, “ನಾಳಿ ಗಾಡಿ ಹೇಳ್ರಿ.”

“ಡಯಟ್ ಏನು ಮಾಡುತ್ತೀರಿ? ಭಜ್ಜಿಪಲ್ಯದಲ್ಲಿ ಸೊಪ್ಪು, ಹಸಿಕಾಳು, ಶೇಂಗಾ, ಡಾಕ್ಟರ್ ಬೇಡವೆಂದದ್ದೆಲ್ಲ ಇದೆ.”

“ನಾ ಉಣ್ಣಾಕ ಹೊಂಟಿಲ್ಲ ಮೇಡಂ. ಕೇಬಲ್ ನೋಡಾಕ ಹೊಂಟೀನಿ.”

ಮರುದಿನ ಬಿಳಿಜೋಳದ ತೆನೆಗಳ ನಡುವೆ, ಅವಳ ತುಂಡು ಹೊಲದಲ್ಲಿ, ಕಂಬಳಿಯ ಮೇಲೆ ಅವರನ್ನು ಕೂಡಿಸಿದೆವು. ನಮ್ಮ ಗಾಡಿ ಬಂದದ್ದು ಕಂಡು ಶಾಂತಾಬಾಯಿ ಮೊದಲು ಸೆರಗು ಬಾಯಿಗೆ ಹಿಡಿದಳು, ನಂತರ ಬೈಯಲು ಶುರುಮಾಡಿದಳು. “ನೆಟ್ ಬಂದದಲ್ರಿ? ಮತ್ಯಾಕ ಬಂದ್ರಿ?”

“ಇಲಿ ಹಿಡ್ಯಾಕ ಬಂದೀನಿ.”

ಸಜ್ಜೆ ರೊಟ್ಟಿಯ ಅಂಚು ಮುರಿದು, ಭಜ್ಜಿಯನ್ನು ಒಂದೇ ತುತ್ತು ತೆಗೆದುಕೊಂಡರು. ಅಷ್ಟನ್ನೇ ಬಹಳ ಹೊತ್ತು ಅಗಿದರು. ಇನ್ನೊಂದು ಬಡಿಸಲು ಬಂದವಳ ಕೈ ತಡೆದು, “ಮುಂದಿನ ವರ್ಷ ಕೇಬಲ್ ಕೀಳಬ್ಯಾಡ. ಫೋನ್ ಹಚ್ಚು. ಬಾ ಅನ್ನು” ಎಂದರು.

“ಬರ್ತೀರೇನ್ರಿ?”

“ಇದ್ರ ಬರ್ತೇನಿ.”

ಅವಳು ಕೆಟ್ಟ ಮಾತಾಡಬ್ಯಾಡ್ರಿ ಎಂದು ಗದರಿದಳು. ಅವರು ಕಂಬಳಿಯ ಮೇಲೆ ಹಿಂದಕ್ಕೆ ಒರಗಿ, ಜೋಳದ ದಂಟುಗಳ ಸಂದಿಯಿಂದ ಆಕಾಶ ನೋಡುತ್ತ ಮಲಗಿಬಿಟ್ಟರು. ಜೇವರ್ಗಿಯ ಕುರ್ಚಿಯಲ್ಲಿ ನೋಡಿದ್ದ ಅದೇ ಮುಖ.

ಬೇಸಿಗೆಯಲ್ಲಿ ಹೋದರು. ಡಯಾಲಿಸಿಸ್ ಮುಗಿಸಿ ಬಂದು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಫೈಲುಗಳನ್ನು ತಿದ್ದುವ ಅಧಿಕಾರವನ್ನು ಅದಕ್ಕೂ ಮೊದಲೇ ನಸ್ರೀನ್‌ಗೆ ವಹಿಸಿಕೊಟ್ಟಿದ್ದರು. ಈಗ ಮೂರೂ ಊರುಗಳ ಸಾಲುಗಳು ಅವಳ ಸ್ಕ್ರೀನಿನ ಮೇಲೆ. ಕೆಟ್ಟದ್ದನ್ನು ಜೇವರ್ಗಿಯಲ್ಲಿ ಕೂತೇ ಸರಿಮಾಡುತ್ತಾಳೆ. ಅಫಜಲಪುರದವರು ಅವಳಿಗೆ ‘ಕೈಗುಣ’ ಎಂದರಂತೆ, ಅವಳು ಪಿಸುಗುಟ್ಟಿದಳಂತೆ.

ಈ ಪುಟಗಳನ್ನು ಇಲ್ಲಿಗೇ ಮುಗಿಸಿ ಟ್ರಸ್ಟಿಗೆ ಕಳಿಸಬೇಕೆಂದಿದ್ದೆ. ಕಣ್ಣು ಸೋತಿದೆ, ಬರೆಯುವ ಕೈಯೂ. ಅಷ್ಟರಲ್ಲಿ ಇವತ್ತು ಬೆಳಿಗ್ಗೆ ನಸ್ರೀನ್ ಫೋನ್ ಮಾಡಿದಳು.

“ಮೇಡಂ, ಆಳಂದದಾಗ ಡಬ್ಬಿ ನಡದದ, ಮಷೀನ್ ಒಂದೂ ಕಾಣವಲ್ವು. ಕೇಬಲ್ ಕಳಚಿರಬೇಕ್ರಿ. ಶಾಂತಾಬಾಯಿಗೆ ಫೋನ್ ಹಚ್ಚಿ ಒತ್ತು ಅಂತ ಹೇಳ್ಲೇನ್ರಿ?”

ನಾನು ಕ್ಯಾಲೆಂಡರ್ ನೋಡಿದೆ. ನಾಳೆ ಎಳ್ಳಮಾವಾಸ್ಯೆ. ಫೋನ್ ಹಚ್ಚು, ಬಾ ಅನ್ನು ಎಂದು ಅವರು ಹೇಳಿದ್ದರು. ಫೋನ್ ಎತ್ತಬೇಕಾದವರೇ ಇಲ್ಲದ ಮೇಲೆ ಅವಳು ಯಾರಿಗೆ ಹಚ್ಚಬೇಕು?

“ಹೇಳಬೇಡ. ಹಾಗೇ ಇರಲಿ” ಎಂದೆ. “ನಾಳೆ ನಾನು ಗಾಡಿ ಮಾಡಿಕೊಂಡು ಆಳಂದಕ್ಕೆ ಹೋಗುತ್ತೇನೆ. ನೀನೂ ಬೆಳಿಗ್ಗೆ ಕಲಬುರಗಿಗೆ ಬಂದುಬಿಡು, ಕೂಡಿ ಹೋಗೋಣ.”

“ಅಲ್ರಿ ಮೇಡಂ, ಒಂದು ಕೇಬಲ್ ಹಾಕಲಾಕ ಇಬ್ರು ಬೇಕೇನ್ರಿ?”

“ಬೇಕು. ಹಸಿದುಕೊಂಡು ಬಾ.”